ಮಾಣಿಕಪ್ಪ ಮಾಸ್ತರರ ಮೊಮ್ಮಗಳು

“ಆಕಿ ಸುಳ್ಳು ಹೇಳಾಕತ್ತಾಳ್ರಿ,” ಎಂದು ಪ್ರೊಫೆಸರ್ ಅಮರೇಶಪ್ಪನವರು ಕನ್ನಡ ಸಂಘದ ಅಧ್ಯಕ್ಷ ಭೀಮಾಶಂಕರರ ಕಿವಿಯಲ್ಲಿ ಹೇಳಿದರು.

ಆಕೆ ಮಲ್ಕಾಜ್‌ಗಿರಿಯ ಶಾರದಾಬಾಯಿ. ಎಪ್ಪತ್ತು ದಾಟಿದವರು. ತಾನು ಮಾಣಿಕಪ್ಪ ಮಾಸ್ತರರ ಮೊಮ್ಮಗಳೆಂದು, ಅಜ್ಜನ ಕಟ್ಟು ಹಾಕಿಸಿದ ಫೋಟೊ ಸಮೇತ ಬಂದು ಮೊದಲ ಸಾಲಿನಲ್ಲೇ ಕೂತಿದ್ದರು.

ಹೈದರಾಬಾದಿನ ಕನ್ನಡಿಗರಿಗೆ ಈಗ ಮಾಸ್ತರರೆಂದರೆ ಭಾರಿ ಅಭಿಮಾನ. ನಿಜಾಮರ ಕಾಲದಲ್ಲೇ ಇಂಗ್ಲಿಷ್ ವ್ಯಾಕರಣ ಬರೆದು, ಇಂಗ್ಲಿಷಿನಲ್ಲೇ ಪದ್ಯ ಕಟ್ಟಿದ ಮೊದಲ ಕನ್ನಡಿಗ ಎಂದರೆ ಸುಮ್ಮನೆಯೇ? ಮೂರು ವರ್ಷದ ಹಿಂದೆ ಒಬ್ಬರಿಗೂ ಅವರ ಹೆಸರು ಗೊತ್ತಿರಲಿಲ್ಲ. ಅಮರೇಶಪ್ಪನವರು ಬರೆದ ಜೀವನಚರಿತ್ರೆ ಬಂದದ್ದೇ ತಡ, ಎಲ್ಲರಿಗೂ ನೆನಪಾಗತೊಡಗಿದರು. ಇವತ್ತು ಆ ಪುಸ್ತಕಕ್ಕೆ ಸನ್ಮಾನ. ಅದರ ಬೆನ್ನಿಗೇ ಪ್ರೊಫೆಸರರಿಗೆ ಕಾಲೇಜಿನ ಪ್ರಿನ್ಸಿಪಾಲ್ ಕುರ್ಚಿ. ಇಂಥ ಹೊತ್ತಿನಲ್ಲಿ ಈ ಮುದುಕಿ.

“ಸುಳ್ಳಂತ ಹೆಂಗ ಹೇಳ್ತೀರಿ?” ಎಂದರು ಭೀಮಾಶಂಕರ.

“ಮಾಸ್ತರರು ಲಗ್ನಾನ ಆಗಿಲ್ರಿ. ಹಿಂದಿಲ್ಲ, ಮುಂದಿಲ್ಲ. ಅವರನ್ನ ನನ್ನಷ್ಟು ಬಲ್ಲವರು ಯಾರದಾರ?”

ಪುಸ್ತಕದಲ್ಲೂ ಹಾಗೇ ಇತ್ತು. ಮಾಸ್ತರರಿಗೆ ಮದುವೆಯಿಲ್ಲ, ಮನೆ ಬಿದ್ದುಹೋಗಿದೆ, ಬರೆದದ್ದೆಲ್ಲ ಗೆದ್ದಲು ತಿಂದಿದೆ. ಉಳಿದದ್ದು ಅಬಿಡ್ಸ್‌ನ ರಸ್ತೆಬದಿಯ ಹಳೆ ಪುಸ್ತಕದ ರಾಶಿಯಲ್ಲಿ ಅಮರೇಶಪ್ಪನವರ ಕಣ್ಣಿಗೆ ಬಿದ್ದ ಹನ್ನೊಂದು ಪದ್ಯ ಮಾತ್ರ.

ಭೀಮಾಶಂಕರರ ಲೆಕ್ಕಾಚಾರವೇ ಬೇರೆ. “ಆಕಿ ನಮ್ಮ ಅತ್ತಿಮನಿ ಊರಾಕಿ ಅಂತ್ರಿ. ಹಂಗಾದ್ರ ಮಾಸ್ತರು ನಮಗೂ ಬೀಗರಾಗಬೇಕು,” ಎನ್ನುತ್ತಾ ಹೋಗಿ ಶಾರದಾಬಾಯಿಗೆ ಕೈಮುಗಿದರು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಇನ್ನೂ ನಾಲ್ವರು ಮಾಸ್ತರರ ಸಂಬಂಧಿಕರಾಗಿದ್ದರು.

ಅಮರೇಶಪ್ಪನವರಿಗೆ ಮೈಯೆಲ್ಲ ಉರಿಯಿತು. ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತಾರೆ ಈ ಜನ. ಆಕೆಯ ಪಕ್ಕಕ್ಕೆ ಹೋಗಿ ಕೂತರು.

“ಬಾಯಾರ, ಸುಮ್ಮನ ಎದ್ದು ಹೋಗ್ರಿ. ಇಲ್ಲಂದ್ರ ನೀವು ಮಾಸ್ತರರ ಮೊಮ್ಮಗಳಲ್ಲ ಅಂತ ಮೈಕಿನಾಗ ಹೇಳ್ತೀನಿ.”

ಶಾರದಾಬಾಯಿ ಸೆರಗಿನಿಂದ ಫೋಟೊದ ಗಾಜು ಒರೆಸಿದರು. “ಹೇಳ್ರಿ ಸರ್. ಯಾಕ ಅಲ್ಲ ಅನ್ನೋದನ್ನೂ ಪೂರ್ತಿ ಹೇಳ್ರಿ.”

ಅಮರೇಶಪ್ಪನವರು ಎದ್ದು ತಮ್ಮ ಜಾಗಕ್ಕೆ ಹೋದರು. ಹೆಸರು ಕೂಗಿದಾಗ ವೇದಿಕೆ ಹತ್ತಿದರು. ತಮಗೆ ಹೊದಿಸಿದ ಶಾಲನ್ನು ತೆಗೆದರು. ಕೆಳಗಿಳಿದು ಬಂದು ಅದನ್ನು ಶಾರದಾಬಾಯಿಗೆ ಹೊದಿಸಿ, ಬಗ್ಗಿ ಕಾಲು ಮುಟ್ಟಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಮಾಣಿಕಪ್ಪ ಮಾಸ್ತರರೆಂಬ ಮನುಷ್ಯ ಈ ಭೂಮಿಯ ಮೇಲೆ ಹುಟ್ಟಿಯೇ ಇರಲಿಲ್ಲವೆಂಬುದು, ಅವರನ್ನು ಕಟ್ಟಿ ಬರೆದ ತಮಗೊಬ್ಬರಿಗೇ ಗೊತ್ತೆಂದು ಅಮರೇಶಪ್ಪನವರು ಅಲ್ಲಿಯವರೆಗೂ ನಂಬಿದ್ದರು.