ಕಾರಣ: ಮಂಡಿ ನೋವು

ಆಂಬುಲೆನ್ಸಿನ ಹಿಂಬಾಗಿಲು ದಢಾರನೆ ತೆರೆದುಕೊಂಡಾಗ ಗಟ್ಟಿಗಿತ್ತಿ ಸ್ಟ್ರೆಚರಿನ ಮೇಲೆ ಕೂತು ಅಳುತ್ತಿದ್ದಳು. ಎದುರಿಗೆ ಔಷಧಿ ಪೆಟ್ಟಿಗೆಗೆ ಒರಗಿಸಿಟ್ಟ ಫೋನು. ಫೋನಿನೊಳಗೆ ನರೆಗೂದಲಿನ ಹೆಂಗಸೊಬ್ಬರು ಮಾತು ನಿಲ್ಲಿಸಿ ಕಾಯುತ್ತಿದ್ದರು. ಆಕ್ಸಿಜನ್ ಸಿಲಿಂಡರು ಹುಡುಕಿಕೊಂಡು ಬಂದಿದ್ದ ಸೂಪರ್‌ವೈಸರ್, ತಪ್ಪಿ ಬಚ್ಚಲುಮನೆಯ ಬಾಗಿಲು ತೆಗೆದವರಂತೆ ಮುಖ ತಿರುಗಿಸಿ, ಬಾಗಿಲು ಮುಚ್ಚಿ ಹೊರಟುಬಿಟ್ಟರು.

ಹತ್ತೊಂಬತ್ತು ವರ್ಷ ಆಂಬುಲೆನ್ಸ್ ಓಡಿಸಿದವಳು ಅವಳು. ಅಲ್ಲಿ ಅವಳನ್ನು ಹೆಸರು ಹಿಡಿದು ಕರೆದವರೇ ಇಲ್ಲ, ಎಲ್ಲರ ಬಾಯಲ್ಲೂ ಗಟ್ಟಿಗಿತ್ತಿ. ಹೊಸ ನರ್ಸುಗಳು ಗಾಬರಿಯಾದರೆ, ರೋಗಿಯನ್ನು ನೀನು ನೋಡ್ಕೋ ತಾಯಿ, ದಾರಿಯನ್ನು ನನಗೆ ಬಿಡು ಎನ್ನುತ್ತಿದ್ದಳು. ಹೋದ ವರ್ಷ ಸೇತುವೆಯ ಮೇಲೆ ಲಾರಿಯೊಂದು ಕೆಟ್ಟು ನಿಂತು, ಹಿಂದೆ ಸಾಲುಗಟ್ಟಿದ ವಾಹನಗಳ ನಡುವೆ, ಒಬ್ಬ ಬಸುರಿ ಅವಳ ಬೆನ್ನ ಹಿಂದೆಯೇ ಪ್ರಾಣ ಬಿಟ್ಟಳು. ಚಾಲಕಿಯ ತಪ್ಪೇನೂ ಇಲ್ಲ ಎಂದು ಕಾಗದ ಬಂತು. ಕಾಗದವನ್ನು ನಾಲ್ಕು ಸಲ ಓದಿದಳು. ನಿದ್ದೆ ಮಾತ್ರ ಬರಲಿಲ್ಲ. ನಿದ್ದೆ ಮಾತ್ರೆ ಹಿಡಿದಳು. ಅರ್ಧ ಒಂದಾಯಿತು, ಒಂದು ಮೂರಾಯಿತು. ಒಂದು ಬೆಳಿಗ್ಗೆ ತನ್ನ ಮನೆಯ ತಿರುವೇ ನೆನಪಾಗದೆ ರಸ್ತೆಬದಿಯಲ್ಲಿ ನಿಂತಳು. ಅಂದೇ ಹೋಗಿ ಗಾಡಿಯ ಕೀಲಿಯನ್ನು ಸೂಪರ್‌ವೈಸರ್ ಮೇಜಿನ ಮೇಲಿಟ್ಟು, ಫೋನೆತ್ತುವ ಕೆಲಸ ಕೊಡಿ ಎಂದಳು. ಯಾಕೆ ಎಂದು ಕೇಳಿದ್ದಕ್ಕೆ ಬಾಯಿಗೆ ಬಂದದ್ದು ಮಂಡಿ ನೋವು.

ಫೋನಿನೊಳಗಿನ ಆ ಆಪ್ತಸಮಾಲೋಚಕಿಯನ್ನು ಆನ್‌ಲೈನಿನಲ್ಲಿ ಹುಡುಕಿಕೊಟ್ಟವಳು ಮಗಳು. ಗಟ್ಟಿಗಿತ್ತಿ ಮೊದಲು ಕೇಳಿದ್ದು ಅವರ ಪರವಾನಗಿ ಸಂಖ್ಯೆಯನ್ನು. ಲೈಸೆನ್ಸಿಲ್ಲದವರ ಗಾಡಿ ನಾನು ಹತ್ತುವುದಿಲ್ಲ ಎಂದಳಂತೆ. ಆಕೆ ನಕ್ಕು, ಸಂಖ್ಯೆಯನ್ನೂ ಅದನ್ನು ಎಲ್ಲಿ ತಾಳೆ ನೋಡಬೇಕು ಎಂಬುದನ್ನೂ ತಿಳಿಸಿದರು. ಮಾತ್ರೆಯನ್ನು ಮೆಲ್ಲಮೆಲ್ಲಗೆ ಇಳಿಸಲು ಡಾಕ್ಟರ ಬಳಿಗೆ ಕಳಿಸಿದವರೂ ಅವರೇ. ಪ್ರತಿ ಬುಧವಾರ ಮಧ್ಯಾಹ್ನ ಮೂರು ಗಂಟೆಗೆ, ಖಾಲಿ ನಿಂತ ಗಾಡಿಯೊಳಗೆ ಬಾಗಿಲು ಹಾಕಿಕೊಂಡು, ಬೆವರು ಒರೆಸಿಕೊಳ್ಳುತ್ತ, ಪಿಸುದನಿಯಲ್ಲಿ ಅವಳು ಆ ಸೇತುವೆಯನ್ನು ಮತ್ತೆ ಮತ್ತೆ ದಾಟಿದಳು. ಮಾತ್ರೆ ಬಿಟ್ಟು ಈಗ ಹತ್ತು ವಾರ. ಗಾಡಿ ಓಡಿಸಬಹುದು ಎಂದು ಡಾಕ್ಟರು ಬರೆದುಕೊಟ್ಟ ಚೀಟಿ ಸೂಪರ್‌ವೈಸರ್ ಮೇಜು ಸೇರಿತ್ತು.

ಆಂಬುಲೆನ್ಸಿನ ಬಾಗಿಲು ತೆರೆದು ಮುಚ್ಚಿದ ಮರುದಿನ ಸೂಪರ್‌ವೈಸರ್ ಕರೆಸಿಕೊಂಡರು. ಮತ್ತೆ ಸ್ಟೇರಿಂಗಿಗೆ ಮರಳುವ ಅರ್ಜಿಯನ್ನು ತಾವೇ ತುಂಬಿಸಿಟ್ಟಿದ್ದರು. ಕಾರಣದ ಸಾಲಿನಲ್ಲಿ ಮಂಡಿ ನೋವು ವಾಸಿಯಾಗಿದೆ, ಅಷ್ಟೇ.

"ಸಹಿ ಹಾಕಮ್ಮ ಸಾಕು. ನಿನ್ನೆ ನಾನೇನೂ ನೋಡಿಲ್ಲ."

"ನನ್ನ ಮಂಡಿಗೆ ಏನೂ ಆಗಿರಲಿಲ್ಲ ಸರ್."

"ಅದಕ್ಕೇ ಹೇಳ್ತಿರೋದು. ನಿಜ ಬರೆದ್ರೆ ಮೇಲಿನವರು ಕೀಲಿ ಕೊಡಲ್ಲ. ತಲೆ ಕೆಟ್ಟೋಳು ಅಂತ ಒಂದ್ಸಲ ಹಣೆಪಟ್ಟಿ ಅಂಟಿದ್ರೆ ಮುಗೀತು."

ಅವರ ಮಾತಿನಲ್ಲಿ ಕೇಡಿರಲಿಲ್ಲ. ಕಿಟಕಿಯಾಚೆ ಅವಳ ಹಳೆಯ ಗಾಡಿ ನಿಂತಿತ್ತು. ಒಂದು ಸಹಿ ಹಾಕಿದರೆ ನಾಳೆ ಆ ಸೀಟು ಅವಳದೇ. ಹಾಕೋಣವೆಂದು ಪೆನ್ನು ಎತ್ತಿಕೊಂಡೂ ಬಿಟ್ಟಳು. ಆದರೆ ಐದು ತಿಂಗಳು ಕುಂಟುವ ನಾಟಕವಾಡಿದ್ದು, ಯಾರಾದರೂ ಎದುರಾದಾಗಲೆಲ್ಲ ಯಾವ ಕಾಲೆಂದು ನೆನಪಿಸಿಕೊಂಡದ್ದು, ಎಣ್ಣೆ ತಿಕ್ಕಿಕೋ ಎಂದವರಿಗೆಲ್ಲ ಹೂಂಗುಟ್ಟಿದ್ದು ನೆನಪಾಗಿ ಮೈಯುರಿಯಿತು. ಮಾತ್ರೆ ಬಿಡುವಾಗಲೂ ಇಷ್ಟು ದಣಿದಿರಲಿಲ್ಲ ಅನ್ನಿಸಿತು. ಅರ್ಜಿಯ ಆ ಸಾಲನ್ನು ಹೊಡೆದುಹಾಕಿ, ಮೇಲೆ ದಪ್ಪಕ್ಷರದಲ್ಲಿ ಬರೆದಳು: ನಿದ್ದೆ ಮಾತ್ರೆಯ ಚಟ ಹತ್ತಿತ್ತು. ಚಿಕಿತ್ಸೆ ಪಡೆದಿದ್ದೇನೆ, ಪಡೆಯುತ್ತಿದ್ದೇನೆ.

"ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೊಳ್ತಿದೀಯ" ಎಂದರು ಸೂಪರ್‌ವೈಸರ್.

"ಬೀಳ್ಲಿ ಬಿಡಿ ಸರ್. ಕಾಲು ಗಟ್ಟಿಯಾಗೇ ಇದೆ."

ಅವರು ಹೇಳಿದಂತೆಯೇ ಆಯಿತು. ಅರ್ಜಿ ಮೇಲೆ ಹೋಗಿ ಎಂಟು ವಾರ ಅಲ್ಲಾಡಲಿಲ್ಲ. ಸುದ್ದಿ ಮಾತ್ರ ಕೆಳಗಿಳಿದು ಎಲ್ಲ ಚಾಲಕರ ಕಿವಿ ಮುಟ್ಟಿತು. ಅರ್ಜಿ ಹೋದ ಮುಂದಿನ ಬುಧವಾರವೇ ಮೂರಕ್ಕೆ ಗಟ್ಟಿಗಿತ್ತಿ ಗಾಡಿಯ ಎರಡೂ ಹಿಂಬಾಗಿಲು ಹಾರುಹೊಡೆದು, ಗಾಳಿಗೆ ಮುಖವೊಡ್ಡಿ ಕೂತು ಫೋನು ಹಚ್ಚಿದಳು. ಗಾಡಿ ತೊಳೆಯುತ್ತಿದ್ದವರು ಮೊದಲ ವಾರ ಕಿಸಕ್ಕನೆ ನಕ್ಕರು. ಎರಡನೇ ವಾರ, ಯಾರೂ ಹೇಳದಿದ್ದರೂ, ನೀರಿನ ಪೈಪು ಎಳೆದುಕೊಂಡು ಆಚೆ ಬದಿಗೆ ಹೋದರು.

ಒಂಬತ್ತನೇ ವಾರ ಮೇಲಿನ ಕಚೇರಿಯಿಂದ ಕರೆ ಬಂತು. ಅದೇ ಸೇತುವೆಯ ಮೇಲೆ ಎರಡು ಸಲ ಅವಳ ಕೈಲಿ ಗಾಡಿ ಓಡಿಸಿ ನೋಡಿದರು. ಮೂರು ತಿಂಗಳು ಪಕ್ಕದಲ್ಲಿ ಇನ್ನೊಬ್ಬ ಚಾಲಕ ಇರಬೇಕೆಂಬ ಷರತ್ತು ಹಾಕಿ ಕೀಲಿ ಕೊಟ್ಟರು. ಕೊಡುವ ಮುನ್ನ ಮೇಜಿನಾಚೆ ಕೂತಿದ್ದ ಮೂವರಲ್ಲಿ ಹಿರಿಯರು ಅರ್ಜಿಯ ಆ ಹೊಡೆದುಹಾಕಿದ ಸಾಲಿನ ಮೇಲೆ ಬೆರಳಿಟ್ಟು, ಮಂಡಿ ನೋವೆಂದೇ ಬಿಟ್ಟಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು, ಸದ್ದಿಲ್ಲದೆ ಮುಗಿಯುತ್ತಿತ್ತಲ್ಲ ಎಂದು ಕೇಳಿದರು.

"ಹತ್ತೊಂಬತ್ತು ವರ್ಷ ಜನರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದೀನಿ ಸರ್" ಎಂದಳು ಗಟ್ಟಿಗಿತ್ತಿ. "ಎಲ್ಲರನ್ನೂ ಸೈರನ್ ಹಾಕ್ಕೊಂಡೇ. ನಾನು ಹೋಗುವಾಗ ಮಾತ್ರ ಯಾಕೆ ಸದ್ದಿಲ್ಲದೆ ಹೋಗ್ಬೇಕು?"