ಅಟ್ಟದ ಮೇಲಿನ ಗಂಟು

“ಕಣ್ಣು ಮುಚ್ಕೊಂಡು ಒಳಗ ಬಾ ಯವ್ವಾ! ನಾ ತೆರಿ ಅಂದಾಗ ತೆರಿ. ಇಂಥಾ ಸೀನು ನೀ ಜೀವನದಾಗ ನೋಡಿರಾಕಿಲ್ಲ!”

ಸವಣೂರಿನ ಎಲೆತೋಟದಲ್ಲಿ ದಿನವಿಡೀ ವೀಳ್ಯದೆಲೆ ಕೊಯ್ದು ಬಂದಿದ್ದ ಹಾಲವ್ವ ಮಗನ ಮಾತಿಗೆ ಕಣ್ಣು ಮುಚ್ಚಲಿಲ್ಲ. ಹೊಸ್ತಿಲು ದಾಟಿದವಳ ನೋಟ ನೇರ ಅಟ್ಟಕ್ಕೆ ಹೋಯಿತು. ಅಟ್ಟ ಖಾಲಿ. ಹರಕು ಚೀಲಗಳಿಲ್ಲ, ತುಕ್ಕು ಹಿಡಿದ ಡಬ್ಬಿಯಿಲ್ಲ, ಹಳೆ ಧೋತರದಲ್ಲಿ ಬಿಗಿದು ಕಟ್ಟಿದ್ದ ಗಂಟೂ ಇಲ್ಲ.

“ಅಲ್ಲೊಂದು ಗಂಟಿತ್ತಲ್ಲೋ ಲೋಹಿತಾ?”

“ಇತ್ತು. ಈಗ ಅದು ಇತಿಹಾಸ!” ಲೋಹಿತ ಸೊಂಟದ ಮೇಲೆ ಕೈಯಿಟ್ಟು, ನೂರು ಜನರನ್ನು ಕೆಡವಿದ ಹೀರೋನಂತೆ ನಿಂತ. ತಾಯಿ-ಮಗ ಇಬ್ಬರೇ ಉಳಿದ ಆ ಮನೆಯಲ್ಲಿ ಯಾರೂ ನಕ್ಕು ಹತ್ತು ತಿಂಗಳಾಗಿತ್ತು. ಯಾರಾದರೂ ಶುರು ಮಾಡಬೇಕಲ್ಲ ಎಂದು ಅವನು ಮೊಬೈಲಿನಲ್ಲಿ ‘ಇಪ್ಪತ್ತೊಂದು ದಿನದಲ್ಲಿ ಹೊಸ ಬದುಕು’ ಕಲಿಸುವ ಗುರುವೊಬ್ಬನನ್ನು ಹಿಡಿದಿದ್ದ. ಅಂದಿನದು ಏಳನೆಯ ಪಾಠ: ಆರು ತಿಂಗಳು ಯಾರೂ ಮುಟ್ಟದ ವಸ್ತು ಮನಸ್ಸಿಗೆ ಭಾರ, ಕೊಟ್ಟುಬಿಡಿ, ಬಿಚ್ಚಿ ಮಾತ್ರ ನೋಡಬೇಡಿ, ನೋಡಿದರೆ ಕೊಡಲಾಗುವುದಿಲ್ಲ. ಲೋಹಿತ ಬಿಚ್ಚಿ ನೋಡಿರಲಿಲ್ಲ. ಹಳೆ ಬಟ್ಟೆಗೆ ಪಾತ್ರೆ ಕೊಡುವ ತಡಸದ ಗುಲ್ನಾರ ಚಾಚಿ ಓಣಿಯಲ್ಲಿ ಕೂಗಿದ್ದೇ ತಡ, ಗಂಟನ್ನು ಅವಳ ಮುಂದೆ ಇಳಿಸಿ ಒಂದು ಸ್ಟೀಲ್ ಡಬರಿ ಗೆದ್ದುಕೊಂಡಿದ್ದ.

“ಆರು ತಿಂಗಳಿಂದ ಯಾರೂ ಮುಟ್ಟಿಲ್ಲಬೇ ಅದನ್ನ,” ಎಂದ.

“ನೀ ಮುಟ್ಟಿಲ್ಲ.” ಹಾಲವ್ವ ಗೋಡೆ ಹಿಡಿದು ಮೆಲ್ಲಗೆ ಕುಳಿತಳು. “ಅದರಾಗ ಪೂಜಾನ ಅರಿವಿ ಇದ್ದೂವೋ.”

ಲೋಹಿತ ಸೊಂಟದ ಮೇಲಿನ ಕೈ ಕೆಳಗಿಳಿಸಿದ. ಡೆಂಗಿ ಜ್ವರದಲ್ಲಿ ಅಕ್ಕ ಪೂಜಾ ಹೋದಾಗ, ಸತ್ತವರ ಬಟ್ಟೆ ಮನೆಯಲ್ಲಿ ಇಡಬಾರದೆಂದು ಹಿರಿಯರು ಉತ್ತರಕ್ರಿಯೆಯ ದಿನವೇ ಎಲ್ಲವನ್ನೂ ಹಂಚಿಸಿದ್ದರು. ಎಲ್ಲವನ್ನೂ ಎಂದೇ ಅವನು ತಿಳಿದಿದ್ದ.

“ಹಿರ್ಯಾರ ಕಣ್ಣು ತಪ್ಪಿಸಿ ನಾಕು ಅರಿವಿ ಕಟ್ಟಿಟ್ಟಿದ್ದೆ. ನೀ ಹೊರಗ ಹೋದಾಗ ಒಮ್ಮೆ…” ಹಾಲವ್ವ ಖಾಲಿ ಅಟ್ಟದ ಕಡೆ ನೋಡಿದಳು. ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಮರುದಿನ ಬೆಳಿಗ್ಗೆ ಬೈಕು ಹತ್ತಿ ತಡಸ ಮುಟ್ಟಿದವನನ್ನು ಕಂಡು ಗುಲ್ನಾರ ನಕ್ಕಳು. “ಬಾರೋ ಹೀರೋ! ಡಬರಿ ಸೋರಾಕತ್ತೇತೇನು?”

“ಡಬರಿ ಅಲ್ಲ ಚಾಚಿ, ನಾನ ಸೋರಾಕತ್ತೇನಿ,” ಎಂದು ಅವನು ನಡೆದದ್ದನ್ನೆಲ್ಲ ಹೇಳಿದ. ಗುಲ್ನಾರಳ ನಗು ಇಳಿಯಿತು. ಮೂಲೆಯ ರಾಶಿಯಿಂದ ಗಂಟನ್ನು ಎಳೆದು ತಂದು ಅವನ ಮುಂದಿಟ್ಟಳು. “ಇನ್ನಾ ಬಿಚ್ಚಿಲ್ಲ. ಡಬರೀನೂ ಬ್ಯಾಡ, ಏನೂ ಬ್ಯಾಡ. ಒಯ್ಯಿ.”

ಲೋಹಿತ ಅಲ್ಲಿಯೇ ಕುಳಿತು ಬಿಚ್ಚಿದ. ಹಸಿರು ಚೂಡಿದಾರ, ಹಳದಿ ದುಪ್ಪಟ್ಟಾ, ಜ್ವರದಲ್ಲಿ ತೊಟ್ಟಿದ್ದ ನೈಟಿ, ತಲೆಯೆಣ್ಣೆಯ ಕಲೆ ಬಿದ್ದ ದಿಂಬಿನ ಚೀಲ. ನೈಟಿಯ ಕೊರಳಪಟ್ಟಿ ಬೆವರಿಗೆ ಕಪ್ಪಾಗಿತ್ತು. ಇಸ್ತ್ರಿಯಿಲ್ಲದ ಬಟ್ಟೆ ತೊಟ್ಟು ಖಾರಾ ತರಲು ಅಂಗಡಿಗೂ ಹೋಗದಿದ್ದ ಅಕ್ಕ! ಅವಳ ಬಟ್ಟೆಯನ್ನು ಹೀಗೆ ಮುದ್ದೆ ಮಾಡಿ ಅವ್ವನ ಮುಂದೆ ಹೇಗಿಡುವುದು?

“ಚಾಚಿ, ನಿಮ್ಮ ಒಗಿಯೋ ಕಲ್ಲು ಬೇಕು. ಸೋಪು ಕೊಡ್ರಿ. ಕಡೀಕ ಹಾಕ್ತಾರಲ್ಲ, ಘಮಘಮ ನೀರು, ಅದನ್ನೂ ಕೊಡ್ರಿ.”

“ಬ್ಯಾಡೋ ತಮ್ಮಾ. ನಿಮ್ಮವ್ವ ಹೆಂಗ ಕಟ್ಟ್ಯಾಳೋ ಹಂಗ ಒಯ್ದು ಕೊಡು.”

“ತಪ್ಪು ಮಾಡಿದ ಹೀರೋ ಕ್ಲೈಮ್ಯಾಕ್ಸಿನ್ಯಾಗ ಡಬಲ್ ಮಾಡಿ ತೀರಸ್ತಾನ ಚಾಚಿ. ನೋಡ್ತಾ ಇರ್ರಿ.”

ಜೀವಮಾನದಲ್ಲಿ ಒಂದು ಕರ್ಚೀಫನ್ನೂ ಒಗೆಯದ ಹುಡುಗ ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕುಳಿತು ಬಡಿದ, ಉಜ್ಜಿದ, ಹಿಂಡಿದ. ಕಣ್ಣು ತುಂಬಿದಾಗಲೆಲ್ಲ ಸೋಪಿನ ನೊರೆ ಸಿಡೀತು ಎಂದ. ಬಟ್ಟೆ ಒಣಗಿದ ಮೇಲೆ ಗುಲ್ನಾರಳ ಇಸ್ತ್ರಿ ಪೆಟ್ಟಿಗೆ ಬೇಡಿ, ಬೆರಳು ಸುಟ್ಟುಕೊಂಡು, ಒಂದೊಂದನ್ನೂ ಮಡಚಿದ.

ಸಂಜೆ ಆ ಮಡಚಿದ ಬಟ್ಟೆಗಳನ್ನು ಅವ್ವನ ತೊಡೆಯ ಮೇಲಿಟ್ಟ. ಹಾಲವ್ವನ ಮುಖ ಒಮ್ಮೆಲೇ ಬೆಳಗಿತು. ಚೂಡಿದಾರವನ್ನು ಅವಸರದಿಂದ ಎತ್ತಿ ಅದರಲ್ಲಿ ಮುಖ ಹುದುಗಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಕೆಳಗಿಟ್ಟು ದುಪ್ಪಟ್ಟಾ ಎತ್ತಿದಳು. ನೈಟಿಯ ಕೊರಳು ಮೂಸಿದಳು, ಒಳಗು ಹೊರಗು ಮಾಡಿ ಕಂಕುಳ ಹೊಲಿಗೆಯನ್ನೂ ಮೂಸಿದಳು. ಕೊನೆಗೆ ದಿಂಬಿನ ಚೀಲವನ್ನು ಎರಡೂ ಕೈಯಲ್ಲಿ ಮೂಗಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ ಬಹಳ ಹೊತ್ತು ಉಸಿರೆಳೆದಳು.

“ಘಮ್ ಅಂತೇತಲ್ಲ ಯವ್ವಾ? ಮಲ್ಲಿಗಿ ವಾಸನಿ!”

“ಎಲ್ಲಾ ಒಗದೀ?”

“ಒಂದೂ ಬಿಟ್ಟಿಲ್ಲ. ಎರಡೆರಡು ಸಲ ಒಗದೇನಿ. ದಿಂಬಿನ ಚೀಲದ ಎಣ್ಣಿ ಕಲಿ ಸೈತ…” ಅವ್ವ ಕಣ್ಣು ತೆರೆದಳು.

ಹಾಲವ್ವ ದಿಂಬಿನ ಚೀಲವನ್ನು ಇಸ್ತ್ರಿಯ ಗೆರೆಯಲ್ಲೇ ಮತ್ತೆ ಮಡಚಿಟ್ಟಳು. ಮಗನ ಸುಟ್ಟ ಬೆರಳನ್ನು ಕೈಯಲ್ಲಿ ಹಿಡಿದು ನೋಡಿದಳು.

“ಚಲೋ ಮಾಡಿದ್ಯಪಾ. ಹೋಗು, ಕತ್ತರಿ ತಗೊಂಡು ಬಾ. ಇನ್ನ ಇವನ್ನ ಕೌದಿ ಹೊಲ್ಯಾಕ ಹಾಕಬಹುದು.”