ಸೆನ್ಸರಿನ ಮೇಲಿನ ಚುಕ್ಕೆ

ಮಗಳ ನಾಮಕರಣದ ಫೋಟೊಗಳನ್ನು ನೆಂಟರೆಲ್ಲ ನಿನ್ನೆ ಕಂಪ್ಯೂಟರಿನಲ್ಲಿ ನೋಡಿ, ಬಾಯ್ತುಂಬ ಹೊಗಳಿ ಹೋಗಿದ್ದರು. ಇವತ್ತು ಶೇಷಾದ್ರಿ ಯಾವ ಫೋಟೊ ತೆರೆದರೂ ಅದೇ ಜಾಗದಲ್ಲಿ ಅದೇ ಕರಿಚುಕ್ಕೆ. ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರಿನ ಮೇಲೆ ಧೂಳು ಕೂತಿರಬೇಕು. ನಾಳೆ ಗೆಳೆಯನ ಮದುವೆ. ಫೋಟೊ ತೆಗೆಯುವ ಹೊಣೆ ಇವನದು.

ಫ್ಯಾನು ಆರಿಸಿ, ಗರ್ಭಗುಡಿಯ ಬಾಗಿಲು ತೆರೆಯುವವನಂತೆ ಲೆನ್ಸ್ ಕಳಚಿದ. ರಬ್ಬರ್ ಬ್ಲೋಯರ್ ಹಿಸುಕಿ ಗಾಳಿ ಊದಿದ. ಹೊಸ ಫೋಟೊ ತೆಗೆದು ಕಂಪ್ಯೂಟರಿಗೆ ಹಾಕಿದ. ಚುಕ್ಕೆ ಅಲ್ಲೇ ಇತ್ತು.

"ಬಾಯಲ್ಲಿ ಒಂದ್ಸಲ ಉಫ್ ಅಂದ್ಬಿಡಿ ರೀ," ಎಂದಳು ಹೆಂಡತಿ.

"ಎಂಜಲು ಹಾರಿದ್ರೆ ಸೆನ್ಸರ್ ಕಥೆ ಮುಗೀತು ಕಣೆ! ನೀನು ಈ ಕಡೆ ಉಸಿರೂ ಬಿಡ್ಬೇಡ."

ಇನ್ನು ಒದ್ದೆ ಸ್ವಾಬ್ ಕಡ್ಡಿಯಿಂದ ಒರೆಸುವುದೊಂದೇ ದಾರಿ. ಒಂದು ಗೀರು ಬಿದ್ದರೂ ಮದುವೆಗೆ ಕ್ಯಾಮೆರಾ ಇಲ್ಲ. ಮನೆದೇವರನ್ನು ನೆನೆದು, ಎಡದಿಂದ ಬಲಕ್ಕೆ ಮೆಲ್ಲಗೆ ಎಳೆದ. ಮತ್ತೆ ಫೋಟೊ ತೆಗೆದು ನೋಡಿದ. ಚುಕ್ಕೆ ಜಪ್ಪಯ್ಯ ಅಂದರೂ ಕದಲಿರಲಿಲ್ಲ.

ಜಪಮಣಿ ಎಣಿಸುತ್ತ ಅಜ್ಜಿ ಬಂದರು. "ಯಾಕೋ, ಮುಖ ಸಪ್ಪಗಿದೆ?"

"ಎಷ್ಟು ಒರೆಸಿದ್ರೂ ಈ ಕರಿಚುಕ್ಕೆ ಹೋಗ್ತಿಲ್ಲ ಅಜ್ಜಿ."

"ಕ್ಯಾಮೆರಾ ಒರೆಸಿದ್ರೆ ಹೇಗೋ ಹೋಗುತ್ತೆ? ನಿನ್ನೆ ಎಲ್ಲರ ಕಣ್ಣೂ ಕೂಸಿನ ಮೇಲೇ ಬಿತ್ತು ಅಂತ, ಕಂಪ್ಯೂಟರ್ ಗಾಜಿನ ಮೇಲೇ ಅದರ ಕೆನ್ನೆಗೊಂದು ದೃಷ್ಟಿಬೊಟ್ಟು ಇಟ್ಟಿದ್ದೀನಿ."